ಎಂಟು ಗಂಟೆಯ ಮನೆ: ಮೆಲ್ಬರ್ನ್‌ನ ಟ್ರೇಡ್ಸ್ ಹಾಲ್ ಯಾರಿಗೆಲ್ಲ ಬಾಗಿಲು ತೆರೆಯಿತು?

ನಮ್ಮ ಕರಾವಳಿಯ ಮನೆಗಳಿಗೆ ಪರದೇಶದ ದುಡಿಮೆ ಹೊಸದೇನಲ್ಲ. ಗಲ್ಫಿನ ಹಾದಿಯಂತೂ ನಮಗೆ ಮನೆಯಂಗಳದಷ್ಟೇ ಪರಿಚಿತ. ಈಗೀಗ ಓದಿಗೆಂದು ಆಸ್ಟ್ರೇಲಿಯಾ ಕಡೆಗೆ ಮುಖ ಮಾಡುವ ಮಕ್ಕಳೂ ಇದ್ದಾರೆ. ಹಾಗೆ ಹೋದವರು ಹಗಲು ಕಾಲೇಜು, ರಾತ್ರಿ ಹೋಟೆಲಿನ ಅಡುಗೆಮನೆ ಅಥವಾ ಗೋದಾಮು ಅಂತ ದುಡಿಯುವುದೂ ಉಂಟು. 'ಅಲ್ಲಿ ಗಂಟೆಗೆ ಇಷ್ಟು ಡಾಲರ್ ಅಂತೆ' ಎಂಬ ಮಾತು ನಮ್ಮ ಜಗಲಿಗಳಲ್ಲಿ ಕೇಳಿಬರುತ್ತದೆ. ಸಂಬಳವನ್ನು ಗಂಟೆಯಲ್ಲಿ ಅಳೆಯುವುದು, ಇಷ್ಟು ಗಂಟೆ ದುಡಿದರೆ ಸಾಕು ಎಂದು ಗೆರೆ ಎಳೆಯುವುದು ತನ್ನಷ್ಟಕ್ಕೆ ಬಂದದ್ದಲ್ಲ. ಆ ಗೆರೆ ಎಳೆದವರ ಕೈಯಲ್ಲಿ ಸುತ್ತಿಗೆ, ಉಳಿ ಇದ್ದವು. ಅವರು ಕೂತು ಮಾತಾಡಲು ಕಟ್ಟಿಕೊಂಡ ಮನೆ ಈಗಲೂ ನಿಂತಿದೆ. ಅದೇ ಮೆಲ್ಬರ್ನ್ ನಗರದ ಕಾರ್ಲ್‌ಟನ್ ಎಂಬಲ್ಲಿರುವ ಟ್ರೇಡ್ಸ್ ಹಾಲ್.

ಕಾರ್ಮಿಕ ಸಂಘಗಳು ಇಂದಿಗೂ ಬಳಸುತ್ತಿರುವ ಕಟ್ಟಡಗಳಲ್ಲಿ ಜಗತ್ತಿನಲ್ಲೇ ಅತ್ಯಂತ ಹಳೆಯವುಗಳ ಸಾಲಿಗೆ ಇದು ಸೇರುತ್ತದೆ. ಇದರ ಚರಿತ್ರೆಯನ್ನು ನಾವು ಇಲ್ಲಿ ಹೇಳಹೊರಟದ್ದು ಬರೀ ಹಳೆಯ ಕಟ್ಟಡವೊಂದನ್ನು ಹೊಗಳಲಿಕ್ಕಲ್ಲ. ದುಡಿಯುವವರ ಮನೆ ಎಂದು ಕಟ್ಟಿದ ಈ ಭವನದ ಬಾಗಿಲು ಎಲ್ಲ ದುಡಿಯುವವರಿಗೂ ತೆರೆದಿತ್ತೇ? ಯಾರಿಗೆ ತೆರೆಯಿತು, ಯಾರಿಗೆ ಮುಚ್ಚಿತು, ಮುಚ್ಚಿದ್ದು ತೆರೆಯಲು ಎಷ್ಟು ಕಾಲ ಹಿಡಿಯಿತು? ನಮಗೆ ಬೇಕಾದ ಕಥೆ ಅಲ್ಲಿದೆ.

ಕಲ್ಲು ಕೆತ್ತುವವರು ಕೆಳಗಿಟ್ಟ ಸುತ್ತಿಗೆ

1851ರಲ್ಲಿ ಮೆಲ್ಬರ್ನ್ ಸುತ್ತಲಿನ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಚಿನ್ನ ಸಿಕ್ಕಿತು. ಜನ ಗಣಿಗಳತ್ತ ಓಡಿದರು. ಅದೇ ಚಿನ್ನದ ಹಣದಿಂದ ನಗರದಲ್ಲಿ ವಿಶ್ವವಿದ್ಯಾಲಯ, ಗ್ರಂಥಾಲಯ, ಸಂಸತ್ ಭವನ ಅಂತ ದೊಡ್ಡ ದೊಡ್ಡ ಕಲ್ಲಿನ ಕಟ್ಟಡಗಳು ಏಳತೊಡಗಿದವು. ಕೆಲಸ ರಾಶಿ, ಕೆಲಸಗಾರರು ಕಮ್ಮಿ. ಕೈಕಸುಬು ಗೊತ್ತಿದ್ದವನಿಗೆ ಮಾತಾಡುವ ಧೈರ್ಯ ಬರುವ ಕಾಲ ಅದು.

ಆಗ ಕಟ್ಟಡ ಕೆಲಸದವರು ದಿನಕ್ಕೆ ಹತ್ತು ಗಂಟೆಯಂತೆ ವಾರಕ್ಕೆ ಆರು ದಿನ ದುಡಿಯುತ್ತಿದ್ದರು. ಅಲ್ಲಿಯ ಬೇಸಿಗೆಯ ಬಿಸಿಲು ಇಂಗ್ಲೆಂಡಿನ ಬಿಸಿಲಲ್ಲ. 1856ರ ಎಪ್ರಿಲ್ 21ರಂದು ಮೆಲ್ಬರ್ನ್ ವಿಶ್ವವಿದ್ಯಾಲಯದ ಕಟ್ಟಡದಲ್ಲಿದ್ದ ಕಲ್ಲುಕೆಲಸದವರು ಹತ್ಯಾರು ಕೆಳಗಿಟ್ಟರು. ಜೇಮ್ಸ್ ಸ್ಟೀಫನ್ಸ್, ಜೇಮ್ಸ್ ಗ್ಯಾಲೊವೇ ಮೊದಲಾದವರು ಮುಂದಾಳುಗಳು. ಇಬ್ಬರೂ ಬ್ರಿಟನ್ನಿನಲ್ಲಿ ಬಡವರಿಗೂ ಮತದಾನದ ಹಕ್ಕು ಬೇಕೆಂದು ನಡೆದ ಚಾರ್ಟಿಸ್ಟ್ ಚಳವಳಿಯಲ್ಲಿ ಪಳಗಿ ಬಂದವರು. ಇವರು ಸಾಲುಗಟ್ಟಿ ನಗರದ ನಡುವೆ ನಡೆದರು. ದಾರಿಯಲ್ಲಿ ಸಿಕ್ಕ ಕೆಲಸದ ಜಾಗಗಳಿಂದ ಇನ್ನಷ್ಟು ಮಂದಿಯನ್ನು ಸೇರಿಸಿಕೊಂಡು, ಆಗಿನ್ನೂ ಕಟ್ಟುತ್ತಿದ್ದ ಸಂಸತ್ ಭವನದವರೆಗೆ ಹೋದರು.

ಅವರ ಬೇಡಿಕೆ ಒಂದೇ. ದಿನದ 24 ಗಂಟೆಯಲ್ಲಿ ಎಂಟು ಗಂಟೆ ದುಡಿಮೆ, ಎಂಟು ಗಂಟೆ ನಿದ್ದೆ, ಉಳಿದ ಎಂಟು ಗಂಟೆ ನಮ್ಮದು. ಮಜೂರಿಯಲ್ಲಿ ಒಂದು ಕಾಸೂ ಕಡಿಮೆ ಆಗಬಾರದು. ಗುತ್ತಿಗೆದಾರರು ಒಪ್ಪಿದರು. ಕಟ್ಟಡ ಕೆಲಸದವರಿಗೆ ವಾರಕ್ಕೆ 48 ಗಂಟೆ ಎಂದಾಯಿತು. ಇಡೀ ಒಂದು ನಗರದ ಕಟ್ಟಡ ಕಸುಬಿಗೆ ಸಂಬಳ ಕಡಿತವಿಲ್ಲದೆ ಎಂಟು ಗಂಟೆ ಸಿಕ್ಕಿದ್ದು ಜಗತ್ತಿನಲ್ಲಿ ತೀರಾ ಮೊದಲ ಸಾಲಿನ ಗೆಲುವು.

ಇಲ್ಲಿ ಒಂದು ಮಾತು ಗಮನಿಸಬೇಕು. ಈ ಗೆಲುವು ಸಿಕ್ಕಿದ್ದು ಕಸುಬು ಬಲ್ಲ ಗಂಡಸರಿಗೆ. ಅಂಗಡಿಯ ಹುಡುಗರಿಗಲ್ಲ, ಹೊಲಿಗೆಯ ಹೆಂಗಸರಿಗಲ್ಲ, ಮನೆಗೆಲಸದವರಿಗಲ್ಲ. ಈ ಬಿರುಕು ಮುಂದೆ ಬಹಳ ಕಾಲ ಉಳಿಯಿತು.

ಹೆಂಡದಂಗಡಿಯಿಂದ ಸ್ವಂತ ಸೂರಿಗೆ

ಎಂಟು ಗಂಟೆಯ ಚಳವಳಿಯ ಸಭೆಗಳು ನಡೆದದ್ದು ಬೆಲ್ವೆಡೇರ್ ಎಂಬ ಹೋಟೆಲಿನಲ್ಲಿ. ಅಲ್ಲಿ ಹೋಟೆಲು ಅಂದರೆ ನಮ್ಮ ಚಾ-ತಿಂಡಿಯ ಹೋಟೆಲಲ್ಲ, ಮದ್ಯದಂಗಡಿ. ಅಂಥ ಜಾಗದಲ್ಲಿ ಸಭೆ ಸೇರಿದರೆ ಕುಡಿಯಲಿಕ್ಕೂ ಖರ್ಚು, ಮಾಲಕ ಬೇಡ ಅಂದರೆ ಬೀದಿಗೂ ಬೀಳಬೇಕು. ನಮಗೆ ನಮ್ಮದೇ ಒಂದು ಸೂರು ಬೇಕು, ಅಲ್ಲಿ ಸಭೆಯೂ ಆಗಬೇಕು, ಓದೂ ಆಗಬೇಕು ಎಂದು ಸಂಘಗಳು ತೀರ್ಮಾನಿಸಿದವು. ಸರಕಾರ ಜಾಗ ಕೊಟ್ಟಿತು. ಕಟ್ಟುವ ಖರ್ಚು ಕಾರ್ಮಿಕರದೇ. 1859ರ ಮೇ ತಿಂಗಳಲ್ಲಿ ಮರದ ಗೋಡೆ, ತಗಡಿನ ಮಾಡಿನ ಒಂದು ಕಟ್ಟಡ ತೆರೆಯಿತು.

ಅದರ ಪೂರ್ತಿ ಹೆಸರಿನಲ್ಲಿ ಟ್ರೇಡ್ಸ್ ಹಾಲ್ ಜೊತೆಗೆ 'ಸಾಹಿತ್ಯ ಸಂಸ್ಥೆ' ಎಂಬ ಮಾತೂ ಇತ್ತು. ದಿನಕ್ಕೆ ಎಂಟು ಗಂಟೆ ಉಳಿಸಿಕೊಂಡವರು ಆ ಗಂಟೆಗಳಲ್ಲಿ ಏನು ಮಾಡುತ್ತಾರೆ? ಕುಡಿದು ಬೀಳುತ್ತಾರೆ ಎಂದು ಮಾಲಕರು ಲೇವಡಿ ಮಾಡುವ ಕಾಲ ಅದು. ಅದಕ್ಕೆ ಕಾರ್ಮಿಕರ ಉತ್ತರ ಪುಸ್ತಕ ಮತ್ತು ಪಾಠ. ಹಗಲು ಕಲ್ಲು ಕೆತ್ತಿದವನು ರಾತ್ರಿ ಬಂದು ಅಕ್ಷರ, ಲೆಕ್ಕ, ನಕ್ಷೆ ಕಲಿಯಲಿ ಎಂಬುದು ಅವರ ಆಸೆ.

ಅದೇ 1859ರಲ್ಲಿ ಚಾರ್ಲ್ಸ್ ಜಾರ್ಡೀನ್ ಡಾನ್ ಎಂಬ ಕಲ್ಲುಕೆಲಸಗಾರ ವಿಕ್ಟೋರಿಯಾದ ಶಾಸನಸಭೆಗೆ ಆಯ್ಕೆಯಾದ. ಆಗ ಶಾಸಕರಿಗೆ ಸಂಬಳ ಇರಲಿಲ್ಲ. ಹಾಗಾಗಿ ಈತ ಹಗಲು ಕಲ್ಲಿನ ಕೆಲಸ ಮಾಡಿ ಹೊಟ್ಟೆ ಹೊರೆದು, ಸಂಜೆ ಹೋಗಿ ಶಾಸನಸಭೆಯಲ್ಲಿ ಕೂರುತ್ತಿದ್ದ.

ಮರದ ಕಟ್ಟಡ ಸಾಲದಾಯಿತು. 1874ರಲ್ಲಿ ಈಗಿನ ಕಟ್ಟಡದ ಕೆಲಸ ಶುರುವಾಯಿತು. ಕೈಯಲ್ಲಿ ಹಣ ಇದ್ದಷ್ಟು ಕಟ್ಟುವುದು, ಮುಗಿದರೆ ನಿಲ್ಲಿಸುವುದು, ಮತ್ತೆ ಚಂದಾ ಎತ್ತಿ ಮುಂದುವರಿಸುವುದು. ಊರಿನವರೆಲ್ಲ ಕೈಯಿಂದ ಹಾಕಿ ಕಟ್ಟುವ ಕಟ್ಟಡದ ಕಷ್ಟ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಹಂತ ಹಂತವಾಗಿ 1925ರವರೆಗೂ ಕೆಲಸ ನಡೆಯಿತು, ಅಂದರೆ 51 ವರ್ಷ. ಆದರೂ ಅಗ್ಗದ ಕೆಲಸಕ್ಕೆ ಒಪ್ಪಲಿಲ್ಲ. ನಕ್ಷೆ ಹಾಕಿದವರು ಜೋಸೆಫ್ ರೀಡ್ ಅವರ ಸಂಸ್ಥೆ. ಮೆಲ್ಬರ್ನ್‌ನ ಪುರಭವನ, ಸ್ಟೇಟ್ ಲೈಬ್ರರಿ, ಈಗ ಯುನೆಸ್ಕೋ ಪಟ್ಟಿಯಲ್ಲಿರುವ ರಾಯಲ್ ಎಕ್ಸಿಬಿಷನ್ ಬಿಲ್ಡಿಂಗ್ ಇವೆಲ್ಲ ಅದೇ ರೀಡ್ ಕೈಯ ಕೆಲಸ. ಶ್ರೀಮಂತರ ಸಭಾಂಗಣಕ್ಕೆ ಎಂಥ ಕಂಬ, ಎಂಥ ಮೆಟ್ಟಿಲು ಇದೆಯೋ ಅಂಥದ್ದೇ ಕೂಲಿಕಾರನಿಗೂ ಇರಲಿ ಎಂಬ ಹಠ ಅದರಲ್ಲಿ ಎದ್ದು ಕಾಣುತ್ತದೆ.

ಒಳಗೆ ಬೇರೆ ಬೇರೆ ಕಸುಬಿನ ಸಂಘಗಳಿಗೆ ಕಚೇರಿ ಇತ್ತು. ಪ್ರತಿ ಸಂಘದ ಪ್ರತಿನಿಧಿಗಳು ಕೂಡಿ ಕೂರುವ ದೊಡ್ಡ ಸಭಾಂಗಣವಿತ್ತು. ಬಡಗಿಯ ತಕರಾರು ಬೇಕರಿಯವನ ಕಿವಿಗೆ ಬೀಳುವುದು, ಬೇಕರಿಯವನ ಮುಷ್ಕರಕ್ಕೆ ಬಂದರಿನವನು ಚಂದಾ ಕೊಡುವುದು ಸಾಧ್ಯವಾದದ್ದು ಒಂದೇ ಸೂರಿನ ಕೆಳಗೆ ಇದ್ದುದರಿಂದ. 1879ರಿಂದ 'ಎಂಟು ಗಂಟೆಯ ದಿನ' ವಿಕ್ಟೋರಿಯಾದಲ್ಲಿ ಸರಕಾರಿ ರಜೆಯಾಯಿತು. 1903ರಲ್ಲಿ ನಗರದಲ್ಲಿ ಒಂದು ಸ್ಮಾರಕ ಎದ್ದಿತು, ಅದರ ತುದಿಯಲ್ಲಿ ಮೂರು ಎಂಟುಗಳು: 888. 1920ರ ದಶಕದಲ್ಲಿ ಅದನ್ನು ಟ್ರೇಡ್ಸ್ ಹಾಲ್‌ನ ಎದುರಿನ ಮೂಲೆಗೆ ತಂದು ನಿಲ್ಲಿಸಿದರು. ಇಂದಿಗೂ ಅಲ್ಲೇ ಇದೆ.

ಹೊಲಿಗೆಯ ಹೆಣ್ಣುಮಕ್ಕಳು

1882ರ ಡಿಸೆಂಬರಿನಲ್ಲಿ ಮೆಲ್ಬರ್ನ್‌ನ ಒಂದು ಬಟ್ಟೆ ಕಾರ್ಖಾನೆ ಹೊಲಿಗೆಯ ಹೆಂಗಸರ ಮಜೂರಿ ಇಳಿಸಿತು. ಅವರ ಸಂಬಳ ಗಂಟೆಯ ಲೆಕ್ಕದ್ದಲ್ಲ, ಒಂದು ಉಡುಪಿಗೆ ಇಂತಿಷ್ಟು ಎಂಬ ಲೆಕ್ಕ. ಹಗಲು ಕಾರ್ಖಾನೆಯಲ್ಲಿ ಹೊಲಿದು ಮುಗಿಯದ್ದನ್ನು ಮನೆಗೆ ಹೊತ್ತು ತಂದು ರಾತ್ರಿ ದೀಪದ ಬೆಳಕಿನಲ್ಲಿ ಹೊಲಿಯಬೇಕು. ಇದನ್ನು ಓದುವಾಗ ನಮ್ಮ ಮನೆಗಳಲ್ಲಿ ಮಡಿಲಲ್ಲಿ ತಡ್ಪೆ ಇಟ್ಟು ಬೀಡಿ ಕಟ್ಟುವ ಉಮ್ಮಂದಿರ ನೆನಪಾಗದೆ ಇರುವುದಿಲ್ಲ. ಸಾವಿರ ಬೀಡಿಗೆ ಇಂತಿಷ್ಟು ಎಂಬ ಲೆಕ್ಕವೂ ಅದೇ ಜಾತಿಯದ್ದು. ಅಲ್ಲಿ ಗಡಿಯಾರ ಯಾರದ್ದೂ ಅಲ್ಲ. ಎಷ್ಟು ಹೊತ್ತು ಕೂತರೂ ಲೆಕ್ಕಕ್ಕೆ ಬರುವುದು ಬೀಡಿ ಮಾತ್ರ.

ಆ ಹೊಲಿಗೆಯವರು ಕೆಲಸ ಬಿಟ್ಟು ಟ್ರೇಡ್ಸ್ ಹಾಲ್‌ಗೆ ಬಂದರು. ಅಲ್ಲಿ ಅವರ ಸಂಘ ಹುಟ್ಟಿತು. ಆಸ್ಟ್ರೇಲಿಯಾದ ಮೊದಲ ಮಹಿಳಾ ಕಾರ್ಮಿಕ ಸಂಘ ಎಂದು ಅದಕ್ಕೆ ಹೆಸರು. ಪತ್ರಿಕೆಗಳು ಬೆಂಬಲಿಸಿದವು, ಊರವರು ಚಂದಾ ಕೊಟ್ಟರು, ಮುಷ್ಕರ ಬೇರೆ ಕಾರ್ಖಾನೆಗಳಿಗೂ ಹಬ್ಬಿತು. ಸರಕಾರದ ತನಿಖಾ ಆಯೋಗವೂ ಈ ಕಸುಬಿನ ದುಸ್ಥಿತಿಯನ್ನು ದಾಖಲಿಸಿತು. 1885ರಲ್ಲಿ ಕಾರ್ಖಾನೆ ಕಾನೂನು ಬಂತು. 1896ರಲ್ಲಿ ಬಂದ ಇನ್ನೊಂದು ಕಾನೂನು ಬಟ್ಟೆ, ಬೂಟು, ಪೀಠೋಪಕರಣದಂಥ ಕಸುಬುಗಳಿಗೆ ಕನಿಷ್ಠ ಮಜೂರಿ ಗೊತ್ತು ಮಾಡುವ ಮಂಡಳಿಗಳನ್ನು ತಂದಿತು.

ಹೀಗೆ ಹೆಂಗಸರು ಒಳಗೆ ಬಂದರು. ಆದರೆ ಸಮಾನವಾಗಿ ಅಲ್ಲ. ಪಕ್ಕದಲ್ಲೇ ಅವರಿಗೆಂದು ಬೇರೆ ಭವನ ಕಟ್ಟಲಾಯಿತು, ಮುಂದೊಂದು ದಿನ ಅದನ್ನು ಕೆಡವಲಾಯಿತು. ಗಂಡಸಿನ ಸಂಬಳಕ್ಕೂ ಹೆಂಗಸಿನ ಸಂಬಳಕ್ಕೂ ಇದ್ದ ಅಂತರವನ್ನು ಸಂಘದ ಗಂಡಸರೇ ಬಹಳ ಕಾಲ ಸಹಜ ಎಂದು ಭಾವಿಸಿದ್ದರು.

ಈ ಅಂತರದ ಮೇಲೆ ಕೈಯಿಟ್ಟವರಲ್ಲಿ ಝೆಲ್ಡಾ ಡಿ'ಅಪ್ರಾನೊ ಒಬ್ಬರು. ಮಾಂಸೋದ್ಯಮ ಕಾರ್ಮಿಕರ ಸಂಘದ ಕಚೇರಿಯಲ್ಲೇ ಗುಮಾಸ್ತೆಯಾಗಿದ್ದವರು. 1969ರಲ್ಲಿ ಸಮಾನ ವೇತನದ ಪ್ರಕರಣದ ತೀರ್ಪು ಬಹುತೇಕ ಹೆಂಗಸರಿಗೆ ಏನೂ ಕೊಡದಿದ್ದಾಗ ಅವರು ಮೆಲ್ಬರ್ನ್‌ನ ಕೇಂದ್ರ ಸರಕಾರದ ಕಚೇರಿಯ ಬಾಗಿಲಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡರು. ನಂತರ ಗೆಳತಿಯರೊಂದಿಗೆ ಟ್ರಾಮ್ ಹತ್ತಿ, 'ನಮಗೆ ಸಂಬಳ ಮುಕ್ಕಾಲು, ನಾವು ಟಿಕೇಟಿಗೂ ಮುಕ್ಕಾಲೇ ಕೊಡ್ತೇವೆ' ಎಂಬ ಹೋರಾಟ ಹೂಡಿದರು. ಅವರ ಕೆಲಸವೂ ಹೋಯಿತು. 1972ರಲ್ಲಿ ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ಎಂಬ ತತ್ವಕ್ಕೆ ಮನ್ನಣೆ ಸಿಕ್ಕಿತು. 2018ರಲ್ಲಿ ಝೆಲ್ಡಾ ತೀರಿಕೊಂಡರು. 2023ರಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಿದ್ದು ಬೇರೆಲ್ಲೂ ಅಲ್ಲ, ಟ್ರೇಡ್ಸ್ ಹಾಲ್‌ನ ಹೊರಗೆ.

ಗೋಡೆಯಲ್ಲಿ ಗುಂಡಿನ ಗುರುತು

ಕಟ್ಟಡ ನೋಡಲು ಹೋದವರಿಗೆ ತಪ್ಪದೆ ತೋರಿಸುವ ಒಂದು ಗುರುತಿದೆ. 1915ರ ಅಕ್ಟೋಬರ್ 1ರ ರಾತ್ರಿ ತಿಜೋರಿ ಒಡೆಯಲು ಕಳ್ಳರು ನುಗ್ಗಿದ್ದರು. ಒಳಗಿದ್ದದ್ದು ಕಾರ್ಮಿಕರ ಚಂದಾ ಹಣ. ಪೊಲೀಸರು ಬಂದಾಗ ಗುಂಡು ಹಾರಿತು. ಡೇವಿಡ್ ಮೆಕ್‌ಗ್ರಾತ್ ಎಂಬ ಪೊಲೀಸ್ ಪೇದೆ ಪ್ರಾಣ ಕಳೆದುಕೊಂಡರು. ಕಳ್ಳರಲ್ಲೊಬ್ಬನಿಗೆ ಗಲ್ಲಾಯಿತು. ಗುಂಡು ತಾಗಿದ ಗುರುತನ್ನು ಇಂದಿಗೂ ಹಾಗೇ ಉಳಿಸಿಕೊಂಡಿದ್ದಾರೆ.

ಅದು ಮೊದಲ ಮಹಾಯುದ್ಧದ ಕಾಲ. ಯುವಕರನ್ನು ಕಡ್ಡಾಯವಾಗಿ ಯುದ್ಧಕ್ಕೆ ಕಳುಹಿಸಬೇಕೆಂದು ಪ್ರಧಾನಿ ಬಿಲ್ಲಿ ಹ್ಯೂಸ್ ಹೊರಟರು. ಅವರು ಕಾರ್ಮಿಕ ಪಕ್ಷದವರೇ. ಆದರೂ ಸಂಘಗಳು ಅವರ ಮುಖ ನೋಡಲಿಲ್ಲ. 1916ರ ಮೇ ತಿಂಗಳಲ್ಲಿ ದೇಶದ ನಾನಾ ಕಡೆಯ ಸಂಘಗಳು ಟ್ರೇಡ್ಸ್ ಹಾಲ್‌ನಲ್ಲಿ ಸಮ್ಮೇಳನ ಸೇರಿ ಕಡ್ಡಾಯ ಸೈನ್ಯ ಸೇವೆ ಬೇಡ ಎಂದವು. 1916ರಲ್ಲಿ ಒಮ್ಮೆ, 1917ರಲ್ಲಿ ಮತ್ತೊಮ್ಮೆ ಜನಮತ ಕೇಳಿದಾಗ ಎರಡೂ ಬಾರಿ ಜನ ಬೇಡ ಎಂದೇ ಹೇಳಿದರು. ಮುಂದೆ 1927ರಲ್ಲಿ ಇಡೀ ದೇಶದ ಸಂಘಗಳ ಒಕ್ಕೂಟ ಎಸಿಟಿಯು ಹುಟ್ಟಿದ್ದೂ ಇದೇ ಭವನದಲ್ಲಿ.

ಮುಚ್ಚಿದ್ದ ಬಾಗಿಲು

ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಚೆಂದ, ಆದರೆ ಅರ್ಧ ಸತ್ಯ. ಟ್ರೇಡ್ಸ್ ಹಾಲ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ ಲಿಟಲ್ ಬೋರ್ಕ್ ಸ್ಟ್ರೀಟ್ ಇದೆ, ಚೀನೀಯರ ಬೀದಿ. ಅಲ್ಲಿ ಚೀನೀ ಬಡಗಿಗಳು ಮೇಜು, ಕುರ್ಚಿ, ಕಪಾಟು ಮಾಡುತ್ತಿದ್ದರು. ಅವರಿಗೂ ತಮ್ಮದೇ ಸಂಘವಿತ್ತು, 1885ರಲ್ಲಿ ಅವರೂ ಮುಷ್ಕರ ಹೂಡಿದರು. ಆದರೆ ಬಿಳಿಯ ಬಡಗಿಗಳ ಸಂಘ ಅವರನ್ನು ಸೇರಿಸಿಕೊಳ್ಳಲಿಲ್ಲ. ಚೀನೀಯರು ಕಡಿಮೆ ಕೂಲಿಗೆ ದುಡಿದು ನಮ್ಮ ಅನ್ನ ಕಸಿಯುತ್ತಾರೆ ಎಂಬುದು ಬಿಳಿಯರ ವಾದ. ಕಡಿಮೆ ಕೂಲಿ ಬೇಡ ಎಂದು ಅವರೇ ಮುಷ್ಕರ ಹೂಡಿದಾಗ ಕೈ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಹೊಲಿಗೆಯವರಿಗೆ ಕನಿಷ್ಠ ಮಜೂರಿ ತಂದ 1896ರ ಅದೇ ಕಾನೂನು, ಒಬ್ಬನೇ ಚೀನೀಯ ದುಡಿದರೂ ಆ ಜಾಗವನ್ನು ಕಾರ್ಖಾನೆ ಎಂದು ಪರಿಗಣಿಸಿತು. ಚೀನೀಯರು ಮಾಡಿದ ಪೀಠೋಪಕರಣಕ್ಕೆ ಮೊಹರು ಒತ್ತಬೇಕೆಂದಿತು.

1901ರಲ್ಲಿ ಆಸ್ಟ್ರೇಲಿಯಾ ಒಂದು ದೇಶವಾದಾಗ ಬಿಳಿಯರಲ್ಲದವರನ್ನು ಹೊರಗಿಡುವ ವಲಸೆ ಕಾನೂನು ಬಂತು. ಕಾರ್ಮಿಕ ಸಂಘಗಳು ಇದರ ಗಟ್ಟಿ ಬೆಂಬಲಿಗರು. ಅದೇ ವರ್ಷದ ಅಂಚೆ ಕಾನೂನು ಇನ್ನೊಂದು ಷರತ್ತು ಹಾಕಿತು: ಸರಕಾರದ ಟಪಾಲು ಹೊರುವ ಗುತ್ತಿಗೆ ಬೇಕಾದರೆ ಹಡಗಿನಲ್ಲಿ ಬಿಳಿಯ ಕೆಲಸಗಾರರೇ ಇರಬೇಕು. ಇದರ ಏಟು ನೇರ ಬಿದ್ದದ್ದು ಹಿಂದೂಸ್ತಾನದ ಲಸ್ಕರ್ ನಾವಿಕರಿಗೆ. ಅವರಲ್ಲಿ ಬಹಳಷ್ಟು ಮುಸ್ಲಿಮರು. ನಮ್ಮದೇ ಪಡುಗಡಲ ತೀರದ ರತ್ನಾಗಿರಿ ಕಡೆಯವರು, ಗುಜರಾತಿನವರು, ಆಚೆ ಬಂಗಾಳದ ಸಿಲ್ಹೆಟ್‌ನವರು. ಕಡಲು ಗೊತ್ತಿದ್ದ, ಬೆವರು ಗೊತ್ತಿದ್ದ ಜನ. ಅವರ ಮಜೂರಿ ಏರಿಸಿ ಎಂದು ಕೇಳುವ ಬದಲು ಅವರನ್ನೇ ಹಡಗಿನಿಂದ ಇಳಿಸಿ ಎಂದು ಕೇಳಲಾಯಿತು.

ಈ ಗೋಡೆ ಮೊದಲು ಬಿರುಕು ಬಿಟ್ಟದ್ದು ಸಭಾಭವನದಲ್ಲಲ್ಲ, ದಕ್ಕೆಯಲ್ಲಿ. 1945ರಲ್ಲಿ ಎರಡನೇ ಮಹಾಯುದ್ಧ ಮುಗಿದಾಗ ಇಂಡೋನೇಷ್ಯಾ ಸ್ವಾತಂತ್ರ್ಯ ಘೋಷಿಸಿತು. ಅದನ್ನು ಮತ್ತೆ ಹಿಡಿಯಲು ಡಚ್ಚರು ಆಸ್ಟ್ರೇಲಿಯಾದ ಬಂದರುಗಳಿಂದ ಹಡಗು ಹೊರಡಿಸಲು ನೋಡಿದರು. ಇಂಡೋನೇಷ್ಯಾದ ನಾವಿಕರು ಕೆಲಸ ಬಿಟ್ಟಿಳಿದರು. ಆಸ್ಟ್ರೇಲಿಯಾದ ಬಂದರು ಕಾರ್ಮಿಕರು ಆ ಹಡಗುಗಳಿಗೆ ಸರಕು ತುಂಬುವುದಿಲ್ಲ ಎಂದರು. ಡಚ್ಚರು ಬದಲಿಗೆ ಹತ್ತಿಸಿದ ಭಾರತೀಯ ಖಲಾಸಿಗಳೂ ಸಿಡ್ನಿಯಲ್ಲಿ ಬಹಿಷ್ಕಾರಕ್ಕೆ ಸೇರಿಕೊಂಡರು. ಒಂದು ಕಾಲದಲ್ಲಿ ಬೇಡವಾಗಿದ್ದ ಅದೇ ಕಡಲ ಕೆಲಸಗಾರರು ಈಗ ಒಂದೇ ದಕ್ಕೆಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತರು. ವರ್ಣ ನೋಡುವ ವಲಸೆ ನೀತಿ ಕಾಗದದ ಮೇಲೂ ಪೂರ್ತಿ ಕೊನೆಗೊಂಡದ್ದು 1973ರಲ್ಲಿ.

ಇಂದು ಒಳಗೆ ಯಾರು?

ಈಗ ಟ್ರೇಡ್ಸ್ ಹಾಲ್‌ನಲ್ಲಿ ಸಂಘಗಳ ಕಚೇರಿಗಳಿವೆ, ಪುಸ್ತಕದಂಗಡಿ ಇದೆ, ನಾಟಕ-ಹಾಸ್ಯ ಉತ್ಸವಗಳಿಗೂ ಅಲ್ಲಿ ಜಾಗ ಸಿಗುತ್ತದೆ. ನಮಗೆ ಮುಖ್ಯವಾದದ್ದು ಬೇರೆ. 2018ರಲ್ಲಿ ಅಲ್ಲಿ ವಲಸೆ ಕಾರ್ಮಿಕರ ಕೇಂದ್ರ ಶುರುವಾಯಿತು. ಯಾವ ದೇಶದಿಂದ ಬಂದಿರಲಿ, ಯಾವ ವೀಸಾ ಇರಲಿ, ಸಂಬಳ ಕಡಿಮೆ ಕೊಟ್ಟರೆ, ಗಾಯವಾದರೆ, ಹೆದರಿಸಿದರೆ ಅಲ್ಲಿ ಹೋಗಿ ಹೇಳಿಕೊಳ್ಳಬಹುದು. ಚೀನೀ ಬಡಗಿಯನ್ನು ಹೊರಗಿಟ್ಟ ಚಳವಳಿಯ ಮನೆಯಲ್ಲೇ ಇಂದು ಚೀನಾದ, ನೇಪಾಳದ, ಭಾರತದ ಮಕ್ಕಳಿಗೆ ಒಂದು ಕುರ್ಚಿ ಇದೆ. ಅದಕ್ಕೆ ನೂರು ವರ್ಷ ದಾಟಬೇಕಾಯಿತು.

ಆ ಕುರ್ಚಿಯ ಅಗತ್ಯ ಏನು ಎಂದು ಕೇಳಿದರೆ, ನಮ್ಮ ಮನೆಗಳವರು ಇದನ್ನು ತಿಳಿದಿರಲಿ. 2023ರ ಜುಲೈಯಿಂದ ಆಸ್ಟ್ರೇಲಿಯಾದ ವಿದ್ಯಾರ್ಥಿ ವೀಸಾದವರು ತರಗತಿ ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಮಾತ್ರ ದುಡಿಯಬಹುದು. ಕೆಲವು ಮಾಲಕರು ಇದನ್ನೇ ಹಗ್ಗ ಮಾಡಿಕೊಳ್ಳುತ್ತಾರೆ. ಹೆಚ್ಚು ಗಂಟೆ ದುಡಿಸಿ, ಕಡಿಮೆ ಕೊಟ್ಟು, 'ಬಾಯಿ ಬಿಟ್ಟರೆ ನಿನ್ನ ವೀಸಾ ಹೋದೀತು' ಎನ್ನುತ್ತಾರೆ. ಸಾಲ ಮಾಡಿ ಹೋದ ಹುಡುಗ ಬಾಯಿ ಮುಚ್ಚುತ್ತಾನೆ. ಊರಿಗೆ ಫೋನು ಮಾಡಿದಾಗ 'ಎಲ್ಲ ಚೆನ್ನಾಗಿದೆ ಉಮ್ಮಾ' ಅಂತಲೇ ಹೇಳುತ್ತಾನೆ. ಆದರೆ 2024ರ ಜುಲೈ 1ರಿಂದ ವೀಸಾ ತೋರಿಸಿ ಹೆದರಿಸಿ ದುಡಿಸುವುದು ಅಲ್ಲಿ ಅಪರಾಧ. ದುಡಿದ ಗಂಟೆಗಳನ್ನು ದಿನದಿನವೂ ಬರೆದಿಡು, ಸಂಬಳದ ಚೀಟಿ ಕೇಳಿ ಪಡೆ, ನಗದಿನ ಒಳಲೆಕ್ಕಕ್ಕೆ ಒಪ್ಪಬೇಡ ಎಂದು ಇಲ್ಲಿಂದಲೇ ಹೇಳಿ ಕಳುಹಿಸುವುದು ನಮ್ಮ ಕೈಯಲ್ಲಿದೆ.

ಇನ್ನು ನಮ್ಮ ನೆಲದ ಗಂಟೆಯ ಮಾತು. 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ ಮೊದಲ ಒಪ್ಪಂದದಲ್ಲೇ ದಿನಕ್ಕೆ ಎಂಟು, ವಾರಕ್ಕೆ 48 ಗಂಟೆ ಎಂದಿತು. ಬ್ರಿಟಿಷರ ಆಳ್ವಿಕೆಯ ಭಾರತಕ್ಕೆ ಮಾತ್ರ ವಾರಕ್ಕೆ 60 ಗಂಟೆಯ ವಿನಾಯಿತಿ. 1934ರಲ್ಲಿ ಅದು 54ಕ್ಕೆ ಇಳಿಯಿತು, 1946ರಲ್ಲಿ 48ಕ್ಕೆ. ಮೆಲ್ಬರ್ನ್‌ನ ಕಲ್ಲುಕೆಲಸದವನಿಗೆ ಸಿಕ್ಕಿದ್ದು ನಮ್ಮ ಕಾರ್ಖಾನೆಯವನಿಗೆ ತಲುಪಲು 90 ವರ್ಷ ಹಿಡಿಯಿತು. 1966ರ ಬೀಡಿ ಕಾರ್ಮಿಕರ ಕಾನೂನೂ ದಿನಕ್ಕೆ ಒಂಬತ್ತು, ವಾರಕ್ಕೆ 48 ಗಂಟೆ ಎಂದು ಬರೆದಿತ್ತು. ಮನೆಯಲ್ಲಿ ಕೂತು ಕಟ್ಟುವ ಕೈಗಳಿಗೆ ಅದು ಕಾಗದದಲ್ಲೇ ಉಳಿಯಿತು. 2023ರಲ್ಲಿ ನಮ್ಮ ರಾಜ್ಯವೇ ಕಾರ್ಖಾನೆ ಕಾನೂನು ತಿದ್ದಿ, ವಾರದ 48 ಗಂಟೆಯ ಮಿತಿ ಇಟ್ಟುಕೊಂಡೇ ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿತು. ಕಾರ್ಮಿಕ ಲಿಖಿತ ಒಪ್ಪಿಗೆ ಕೊಟ್ಟರೆ ಸಾಕು ಎಂಬುದು ಷರತ್ತು. ಒಬ್ಬಂಟಿಯಾಗಿ ನಿಂತ ಕೆಲಸಗಾರ ಮಾಲಕನ ಎದುರು ಒಪ್ಪಿಗೆ ಇಲ್ಲ ಎನ್ನುವುದುಂಟೇ? ಒಬ್ಬಂಟಿ ಆಗಬಾರದು ಎಂದೇ ಅಲ್ಲವೇ ಆ ಕಲ್ಲುಕೆಲಸದವರು ಸೂರು ಕಟ್ಟಿಕೊಂಡದ್ದು!

ಕಲ್ಲು, ಕಂಬ, ಮೆಟ್ಟಿಲು ಯಾರು ಬೇಕಾದರೂ ಕಟ್ಟಿಸಬಹುದು. ದುಡಿಯುವವರ ಮನೆ ದೊಡ್ಡದಾಗುವುದು ಅದರ ಬಾಗಿಲಲ್ಲಿ ಯಾರನ್ನು ಒಳಗೆ ಕರೆಯುತ್ತಾರೆ ಎಂಬುದರಿಂದ. ಟ್ರೇಡ್ಸ್ ಹಾಲ್ ಹೆಂಗಸನ್ನು ಅರ್ಧ ಮನಸ್ಸಿನಿಂದ ಕರೆಯಿತು, ಪರದೇಶಿಯನ್ನು ತಡವಾಗಿ ಕರೆಯಿತು. ನಮ್ಮ ಜಗಲಿಯಲ್ಲೇ ಬೀಡಿ ಕಟ್ಟುವವಳಿಗೆ, ನಮ್ಮ ಕಟ್ಟಡಗಳಿಗೆ ಕಲ್ಲು ಹೊರಲು ದೂರದ ಬಿಹಾರ, ಒಡಿಶಾದಿಂದ ಬಂದವನಿಗೆ ನಮ್ಮ ಊರಿನ ಸಂಘಗಳಲ್ಲಿ ಎಷ್ಟು ಜಾಗ ಇದೆ? ಈ ಪ್ರಶ್ನೆಗೆ ಉತ್ತರ ಮೆಲ್ಬರ್ನ್‌ನಲ್ಲಿಲ್ಲ, ನಮ್ಮಲ್ಲೇ ಇದೆ.